ಮತ್ತದೇ ಬೀಟು

ಡ್ರಮ್ಸ್ ಕ್ಲಾಸಿಗೆ ಸೇರಿದವರಿಗೆಲ್ಲ ಮೊದಲು ಹೇಳಿಕೊಡುವ ಬೀಟ್ ಸಾಮಾನ್ಯವಾಗಿ ಒಂದೇ. ಬಲಗೈ ಹೈ-ಹ್ಯಾಟ್ ಮೇಲೆ, ಅಂದರೆ ಒಂದರ ಮೇಲೊಂದು ಕೂರಿಸಿದ ಜೋಡಿ ಸಿಂಬಲ್ ಮೇಲೆ, ಒಂದೇ ಸಮನೆ ಎಂಟು ಪೆಟ್ಟು ಹಾಕುತ್ತದೆ: ಒಂದು-ಮತ್ತು-ಎರಡು-ಮತ್ತು-ಮೂರು-ಮತ್ತು-ನಾಲ್ಕು-ಮತ್ತು. ಬಲಗಾಲು ಒಂದಕ್ಕೂ ಮೂರಕ್ಕೂ ಕಿಕ್ ಎಂಬ ದೊಡ್ಡ ಡ್ರಮ್ಮನ್ನು ಪೆಡಲಿನಿಂದ ಒದೆಯುತ್ತದೆ. ಎಡಗೈ ಎರಡಕ್ಕೂ ನಾಲ್ಕಕ್ಕೂ ಸ್ನೇರ್ ಎಂಬ ಚುರುಕು ಸದ್ದಿನ ಚಿಕ್ಕ ಡ್ರಮ್ ಮೇಲೆ ಬೀಳುತ್ತದೆ. ಅಷ್ಟೇ. ಸ್ವಲ್ಪ ತಾಳ ಗೊತ್ತಿರುವವರಿಗೆ ಒಂದು ಸಂಜೆ ಸಾಕು. ಮಕ್ಕಳಂತೂ ಇನ್ನೂ ಬೇಗ ಹಿಡಿದುಬಿಡುತ್ತಾರೆ. ಆಮೇಲೆ ಎಲ್ಲರೂ ಕೇಳುವುದೂ ಒಂದೇ ಮಾತು: "ಇದು ಬಂತು ಸಾರ್, ಮುಂದಿನದು?"

1982ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ಲಿಯಾನ್ ನ್ಡುಗು ಚಾನ್ಸ್‌ಲರ್ ಎಂಬ ಡ್ರಮ್ಮರ್ ಮೈಕಲ್ ಜಾಕ್ಸನ್ನರ 'ಬಿಲ್ಲಿ ಜೀನ್' ಹಾಡಿಗೆ ನುಡಿಸಿದ್ದು ಹೆಚ್ಚುಕಡಿಮೆ ಇದೇ ಬೀಟ್. ಹಾಡು ಶುರುವಾಗುವುದೇ ಡ್ರಮ್ಸ್‌ನಿಂದ. ಬೇಸ್ ಗಿಟಾರ್ ಬರುವ ಮೊದಲೇ, ಬರೀ ಆ ಕಿಕ್ಕು ಸ್ನೇರು ಕೇಳಿ, ಹಾಡು ಯಾವುದು ಅಂತ ಗೊತ್ತಾಗಿಬಿಡುತ್ತದೆ. ಹಾಗಾದರೆ ಅವರು ನುಡಿಸಿದಾಗ ಕಾಲು ತಾನಾಗೇ ಕುಣಿಯುವುದು, ನಾವು ನುಡಿಸಿದಾಗ ಪಕ್ಕದ ಮನೆಯಲ್ಲಿ ಟೈಲ್ಸ್ ಕೆಲಸ ನಡೆಯುತ್ತಿರುವ ಹಾಗೆ ಕೇಳುವುದು ಯಾಕೆ?

ಪೆಟ್ಟುಗಳು ಅವೇ, ಬೀಳುವ ಜಾಗವೂ ಅದೇ. ವ್ಯತ್ಯಾಸ ಇರುವುದು ಎರಡು ಪೆಟ್ಟಿನ ನಡುವಿನ ಅಂತರದಲ್ಲಿ, ಮತ್ತೆ ಯಾವ ಪೆಟ್ಟು ಎಷ್ಟು ಜೋರು ಅನ್ನುವುದರಲ್ಲಿ. ಹೊಸ ಬೀಟ್ ಕಲಿತರೆ ಇವೆರಡೂ ಬರುವುದಿಲ್ಲ. ಇರುವ ಬೀಟನ್ನೇ ಹಿಡಿದು ಕೂತು, ಅದರಲ್ಲಿ ಒಂದೇ ಒಂದನ್ನು ಬದಲಿಸಿ, ಉಳಿದದ್ದು ಅಲುಗದ ಹಾಗೆ ನೋಡಿಕೊಂಡರೆ ಬರುತ್ತವೆ. ನಾನು ಹೇಳಬೇಕೆಂದಿರುವುದು ಇಷ್ಟೇ. ಮುಂದಿನದೆಲ್ಲ ಇದನ್ನು ಮಾಡುವ ಬಗೆ.

ನಾನು ಹೊಟ್ಟೆಪಾಡಿಗೆ ಡ್ರಮ್ಸ್ ನುಡಿಸುವವನಲ್ಲ. ಆಫೀಸು ಮುಗಿಸಿ ಬಂದು, ಊಟಕ್ಕೆ ಮೊದಲು ಒಂದಷ್ಟು ಹೊತ್ತು ಕೂರುವವನು. ಸಮಯ ಕಡಿಮೆ ಇರುವವರಿಗೆ ಯಾವ ಅಭ್ಯಾಸ ಕೈಹಿಡಿಯುತ್ತದೆ, ಯಾವುದು ಬರೀ ತೋಳಿನ ವ್ಯಾಯಾಮ ಅನ್ನುವ ಲೆಕ್ಕಾಚಾರ ಜಾಸ್ತಿ ಇರುತ್ತದೆ, ಅಲ್ವಾ? ಆ ಲೆಕ್ಕದಲ್ಲಿ ಗೆದ್ದು ಉಳಿದ ಪಾಠಗಳನ್ನಷ್ಟೇ ಇಲ್ಲಿ ಹೇಳುತ್ತಿದ್ದೇನೆ.

ಡ್ರಮ್ ಸೆಟ್ ಹಳೆಯ ವಾದ್ಯ ಏನಲ್ಲ. ನಮ್ಮ ಮೃದಂಗದ ಮುಂದೆ ಇನ್ನೂ ಕೂಸು. ಅಮೆರಿಕದ ಮೆರವಣಿಗೆ ಬ್ಯಾಂಡುಗಳಲ್ಲಿ ದೊಡ್ಡ ಡ್ರಮ್ ಹೊಡೆಯುವವರು ಒಬ್ಬರು, ಸ್ನೇರ್ ಹೊಡೆಯುವವರು ಇನ್ನೊಬ್ಬರು, ಸಿಂಬಲ್ ಬಡಿಯುವವರು ಮತ್ತೊಬ್ಬರು ಇರುತ್ತಿದ್ದರು. ನಾಟಕದ ಥಿಯೇಟರು, ಡಾನ್ಸ್ ಹಾಲುಗಳ ಒಳಗೆ ಅಷ್ಟು ಜನಕ್ಕೆ ಜಾಗವೂ ಇಲ್ಲ, ಸಂಬಳ ಕೊಡುವವರೂ ಇಲ್ಲ. ಹಾಗಾಗಿ ಒಬ್ಬರೇ ಎಲ್ಲವನ್ನೂ ನುಡಿಸುವ ಉಪಾಯ ಹುಡುಕತೊಡಗಿದರು. 1909ರಲ್ಲಿ ಷಿಕಾಗೊದ ಲುಡ್ವಿಗ್ ಸಹೋದರರು ವೇಗವಾಗಿ ಒದೆಯಬಹುದಾದ ಪೆಡಲ್ ತಯಾರಿಸಿದ ಮೇಲೆ ದೊಡ್ಡ ಡ್ರಮ್ ಕಾಲಿನ ಪಾಲಿಗೆ ಬಂತು. ಹೈ-ಹ್ಯಾಟ್ ಈಗಿನ ಎತ್ತರಕ್ಕೆ ಏರಿದ್ದು 1920ರ ದಶಕ ಮುಗಿಯುವ ಹೊತ್ತಿಗೆ. ಅದಕ್ಕೂ ಮುಂಚೆ ಅದು ನೆಲದ ಹತ್ತಿರ, ಕಾಲಿನಿಂದ ಮಾತ್ರ ನುಡಿಸುವ ಜೋಡಿ ಸಿಂಬಲ್ ಆಗಿತ್ತು.

ಈ ಕಥೆ ಅಭ್ಯಾಸಕ್ಕೆ ಉಪಯೋಗಕ್ಕೆ ಬರುತ್ತದೆ. ನಮ್ಮ ಮೈಯೊಳಗೆ ಈಗಲೂ ಆ ಮೂವರು ಇದ್ದಾರೆ ಅಂದುಕೊಳ್ಳಿ. ಮೂವರನ್ನೂ ಒಬ್ಬೊಬ್ಬರಾಗಿ ಕರೆಯಿರಿ. ಮೊದಲು ಕಿಕ್ ಒಂದೇ, ಒಂದಕ್ಕೂ ಮೂರಕ್ಕೂ. ಬೇರೇನೂ ಬೇಡ. ಎಷ್ಟು ಬೇಜಾರು ಅನ್ನಿಸುತ್ತದೆ ಗೊತ್ತಾ! ಆದರೆ ಆ ಬೇಜಾರಿನ ಎರಡನೇ ನಿಮಿಷಕ್ಕೆ ಕಾಲು ಒಂದಕ್ಕೆ ಒದ್ದಷ್ಟು ಗಟ್ಟಿಯಾಗಿ ಮೂರಕ್ಕೆ ಒದೆಯುತ್ತಿಲ್ಲ ಅನ್ನುವುದು ಕಿವಿಗೆ ಬೀಳುತ್ತದೆ. ಕೈಗಳು ಗದ್ದಲ ಮಾಡುತ್ತಿದ್ದಾಗ ಇದು ಕೇಳುತ್ತಲೇ ಇರಲಿಲ್ಲ. ಅದು ಸಮ ಆದ ಮೇಲೆ ಸ್ನೇರ್ ಸೇರಿಸಿ. ಕಿಕ್ಕು ಸ್ನೇರು ಎರಡೇ ಇದ್ದಾಗಲೂ ಯಾರಾದರೂ ತಲೆಯಾಡಿಸುವಂತೆ ಇರಬೇಕು. ಇಲ್ಲದಿದ್ದರೆ ಹೈ-ಹ್ಯಾಟ್ ಬಂದು ಅದನ್ನು ಉಳಿಸುವುದಿಲ್ಲ, ಮುಚ್ಚುತ್ತದೆ ಅಷ್ಟೇ.

ಈಗ ಜೋರಿನ ವಿಷಯ. ಫೋನನ್ನು ಏಳೆಂಟು ಅಡಿ ದೂರ ಇಟ್ಟು, ಅದೇ ಬೀಟನ್ನು ಎರಡು ನಿಮಿಷ ರೆಕಾರ್ಡ್ ಮಾಡಿ ಕೇಳಿ. ಹೊಸದಾಗಿ ಕಲಿಯುವವರಲ್ಲಿ ಸಾಮಾನ್ಯವಾಗಿ ಹೈ-ಹ್ಯಾಟ್ ಕಿವಿಗೆ ರಾಚುತ್ತದೆ, ಸ್ನೇರ್ ಅದರ ಹಿಂದೆ ನಿಂತಿರುತ್ತದೆ, ಕಿಕ್ ಎಲ್ಲೋ ಆಚೆ ಬೀದಿಯಲ್ಲಿರುತ್ತದೆ. ಬೇಕಾಗಿರುವುದು ಇದರ ಉಲ್ಟಾ. ಕಾರಣ ಸರಳ. ಬಲಗೈ ನಮ್ಮ ಗಟ್ಟಿ ಕೈ, ಮೇಲಿಂದ ಒಂದು ಬಾರ್‌ಗೆ, ಅಂದರೆ ಒಂದರಿಂದ ನಾಲ್ಕರ ತನಕದ ಒಂದು ಸುತ್ತಿಗೆ, ಎಂಟು ಪೆಟ್ಟು ಅದರದೇ. ಎಡಗೈಗೆ ಎರಡು, ಕಾಲಿಗೆ ಎರಡು. ಸುಮ್ನೆ ಬಿಟ್ಟರೆ ಬಲಗೈ ಯಜಮಾನಿಕೆ ಮಾಡುತ್ತದೆ. ಸ್ಟುಡಿಯೋದ ಸೌಂಡ್ ಎಂಜಿನಿಯರ್‌ಗಳಿಗೆ ಇದು ನಿತ್ಯದ ತಲೆನೋವು. ಹೈ-ಹ್ಯಾಟ್ ಸದ್ದು ಸ್ನೇರ್‌ನ ಮೈಕಿನೊಳಗೆ ನುಗ್ಗುತ್ತದೆ. ಸ್ನೇರ್ ಏರಿಸಲು ಹೋದರೆ ಅದರ ಜೊತೆ ಹೈ-ಹ್ಯಾಟ್ ಕೂಡ ಏರುತ್ತದೆ. ಮಿಕ್ಸ್ ಮಾಡುವಾಗ ನೋಡಿಕೊಳ್ಳೋಣ ಅನ್ನುವ ಮಾತು ಇಲ್ಲಿ ನಡೆಯುವುದಿಲ್ಲ. ಕೈಯಲ್ಲೇ ಸರಿ ಇರಬೇಕು.

ಪಾಠ ಹೀಗೆ. ಹೈ-ಹ್ಯಾಟ್ ಅನ್ನು ಸ್ಟಿಕ್ಕಿನ ತುದಿಯಿಂದ, ಆದಷ್ಟು ಮೆಲ್ಲಗೆ ನುಡಿಸಿ. ಸ್ನೇರ್ ಪೂರ್ತಿ ಜೋರು. ಮಾಡಲು ಹೋದಾಗ ಒಂದು ತಮಾಷೆ ನಡೆಯುತ್ತದೆ. ಎಡಗೈ ಜೋರಾಗಿ ಬಿದ್ದ ಕ್ಷಣದಲ್ಲೇ ಬಲಗೈ ಕೂಡ ಜೋರಾಗುತ್ತದೆ. ಅಣ್ಣನಿಗೆ ಕೊಟ್ಟದ್ದು ತಮ್ಮನಿಗೂ ಬೇಕು! ಇದನ್ನು ಬಿಡಿಸುವುದೇ ಕೆಲಸ, ಅದಕ್ಕೆ ವಾರಗಟ್ಟಲೆ ಹಿಡಿಯಬಹುದು. ರೋಲಿಂಗ್ ಸ್ಟೋನ್ಸ್‌ನ ಚಾರ್ಲಿ ವಾಟ್ಸ್ ಸ್ನೇರ್ ಹೊಡೆಯುವ ಕ್ಷಣಕ್ಕೆ ಬಲಗೈಯನ್ನು ಹೈ-ಹ್ಯಾಟ್‌ನಿಂದ ಎತ್ತಿಬಿಡುತ್ತಿದ್ದರು. ಹಳೆಯ ಕಾರ್ಯಕ್ರಮಗಳ ವಿಡಿಯೋಗಳಲ್ಲಿ ಚೆನ್ನಾಗಿ ಕಾಣುತ್ತದೆ. ಎರಡಕ್ಕೂ ನಾಲ್ಕಕ್ಕೂ ಹೈ-ಹ್ಯಾಟ್ ಇಲ್ಲವೇ ಇಲ್ಲ, ಸ್ನೇರ್ ಒಂದೇ ದಪ್ಪಗೆ ಕೇಳುತ್ತದೆ. ಇದನ್ನೂ ಒಂದು ಪಾಠದ ಹಾಗೆ ನುಡಿಸಿ ನೋಡಿ. ಒಂದು ಪೆಟ್ಟು ತೆಗೆದರೆ ಬೀಟ್‌ನ ಮುಖವೇ ಬದಲಾಗುತ್ತದೆ.

ಆಮೇಲೆ ಹೈ-ಹ್ಯಾಟ್ ಒಳಗೇ ಏರಿಳಿತ ತನ್ನಿ. ಒಂದು, ಎರಡು, ಮೂರು, ನಾಲ್ಕು ಎಂಬ ಅಂಕಿಗಳ ಮೇಲೆ ಒತ್ತು ಕೊಟ್ಟು, 'ಮತ್ತು'ಗಳನ್ನು ಮೆಲ್ಲಗೆ ಇಟ್ಟರೆ ಬೀಟ್ ಮುಂದಕ್ಕೆ ನಡೆಯುತ್ತದೆ. ಉಲ್ಟಾ ಮಾಡಿ 'ಮತ್ತು'ಗಳನ್ನು ಎತ್ತಿದರೆ ಜಿಗಿಯುತ್ತದೆ. ಎಲ್ಲವನ್ನೂ ಒಂದೇ ಮಟ್ಟದಲ್ಲಿ ಇಟ್ಟರೆ ರಾಕ್ ಹಾಡಿಗೆ ಬೇಕಾದ ನೇರ ಓಟ. ಸ್ಟಿಕ್ಕಿನ ತುದಿ ಬಿಟ್ಟು ಅದರ ಹೆಗಲಿನ ಭಾಗದಿಂದ ಹೈ-ಹ್ಯಾಟ್‌ನ ಅಂಚಿಗೆ ಹೊಡೆದರೆ ಸದ್ದು ಒರಟಾಗಿ, ಅಗಲವಾಗಿ ಬರುತ್ತದೆ. ಒಂದು ಪೆಟ್ಟೂ ಹೊಸದಿಲ್ಲ. ಆದರೂ ಮೂರ್ನಾಲ್ಕು ಬೀಟ್ ಕಲಿತ ಹಾಗಾಯಿತು.

ಕಾಲಿನ ಪಾಠಕ್ಕೆ ಕೈಗಳನ್ನು ಬೀಗ ಹಾಕಿ ಇಡಬೇಕು. ಕೈಯ ಕೆಲಸ ಅದೇ. ಒಂದರ ಕಿಕ್ ಯಾವಾಗಲೂ ಇರಲಿ. ಇನ್ನೊಂದು ಕಿಕ್ಕನ್ನು ಒಂದೊಂದೇ ಜಾಗ ದಾಟಿಸುತ್ತಾ ಹೋಗಿ. ಮೊದಲು ಒಂದರ 'ಮತ್ತು', ಆಮೇಲೆ ಎರಡು, ಎರಡರ 'ಮತ್ತು', ಹೀಗೆ ನಾಲ್ಕರ 'ಮತ್ತು'ವಿನ ತನಕ. ಒಂದೊಂದರಲ್ಲೂ ಕನಿಷ್ಠ ಒಂದು ನಿಮಿಷ ನಿಲ್ಲಿ. ಎರಡರ ಮೇಲೆ ಕಿಕ್ ಬಂದಾಗ ಅದು ಸ್ನೇರ್ ಜೊತೆ ಒಟ್ಟಿಗೇ ಬೀಳಬೇಕು. ಅಲ್ಲಿ 'ಠಕ್' ಅನ್ನುವ ಬದಲು 'ಟ್ರಕ್' ಅಂತ ಕೇಳಿದರೆ ಕೈಗೂ ಕಾಲಿಗೂ ಕೂದಲೆಳೆ ವ್ಯತ್ಯಾಸ ಇದೆ ಅಂತ ಅರ್ಥ. ಎರಡರ 'ಮತ್ತು'ವಿಗೆ ಬಂದಾಗ ತುಂಬ ಜನರ ಬಲಗೈ ಒಂದು ಕ್ಷಣ ತಡವರಿಸುತ್ತದೆ. ಅದೇ ಜಾಗದಲ್ಲಿ ಕೂತುಬಿಡಿ.

ಹೀಗೆ ಒಂದು ಸಾಲನ್ನು ಅಲುಗಿಸದೆ ಇನ್ನೊಂದನ್ನು ಓಡಿಸುವ ಪದ್ಧತಿ ಡ್ರಮ್ಸ್ ಕಲಿಕೆಯಲ್ಲಿ ಹಳೆಯದು. ಟೆಡ್ ರೀಡ್ 1958ರಲ್ಲಿ ತಂದ 'ಸಿಂಕೊಪೇಷನ್' ಪುಸ್ತಕದ ಒಳಗೆ ನೋಡಿದರೆ ಸಾದಾ ತಾಳದ ಸಾಲುಗಳು ಬಿಟ್ಟರೆ ಹೆಚ್ಚೇನಿಲ್ಲ. ಬಾಸ್ಟನ್ನಿನ ಬರ್ಕ್ಲಿ ಸಂಗೀತ ಶಾಲೆಯಲ್ಲಿ ಕಲಿಸುತ್ತಿದ್ದ ಅಲನ್ ಡಾಸನ್ ಆ ಸಾಲುಗಳನ್ನೇ ಹತ್ತಾರು ಬಗೆಯಲ್ಲಿ ಓದಿಸುತ್ತಿದ್ದರು. ಒಮ್ಮೆ ಆ ಸಾಲು ಕಾಲಿಗೆ, ಒಮ್ಮೆ ಎಡಗೈಗೆ, ಇನ್ನೊಮ್ಮೆ ಎರಡು ಕೈಗೂ ಹಂಚಿ. ಅವರ ಹತ್ತಿರ ಕಲಿತವರಲ್ಲಿ ಟೋನಿ ವಿಲಿಯಮ್ಸ್ ಒಬ್ಬರು. 1963ರಲ್ಲಿ, ಹದಿನೇಳರ ವಯಸ್ಸಿನಲ್ಲಿ, ಜಾಝ್ ಸಂಗೀತಗಾರ ಮೈಲ್ಸ್ ಡೇವಿಸ್ ತಂಡ ಸೇರಿದ ಹುಡುಗ. ಪುಸ್ತಕ ದಪ್ಪ ಇರಬೇಕಾಗಿಲ್ಲ. ಒಂದೇ ಪುಟವನ್ನು ಎಷ್ಟು ಸಲ ಬೇರೆ ಬೇರೆಯಾಗಿ ಓದುತ್ತೀರಿ ಅನ್ನುವುದರ ಮೇಲೆ ಎಲ್ಲ ನಿಂತಿದೆ.

ಇದಕ್ಕಿಂತಲೂ ಬೋಳು ಪುಸ್ತಕ ಬೇಕಾದರೆ ಜಾರ್ಜ್ ಲಾರೆನ್ಸ್ ಸ್ಟೋನ್ 1935ರಲ್ಲಿ ತಂದ 'ಸ್ಟಿಕ್ ಕಂಟ್ರೋಲ್' ಇದೆ. ಮೊದಲ ಪಾಠಗಳಲ್ಲಿ ತಾಳದ ಚಮತ್ಕಾರ ಏನೂ ಇಲ್ಲ. ಸಮವಾದ ಪೆಟ್ಟುಗಳು, ಅವುಗಳ ಕೆಳಗೆ ಯಾವುದು ಬಲಗೈ ಯಾವುದು ಎಡಗೈ ಅನ್ನುವ ಗುರುತು. ಒಂದೊಂದನ್ನೂ ನಿಲ್ಲಿಸದೆ 20 ಸಲ ನುಡಿಸಿ ಅನ್ನುತ್ತದೆ ಪುಸ್ತಕ. ಅದರಲ್ಲಿ ಬರುವ ಒಂದು ಜೋಡಣೆ ಪ್ಯಾರಾಡಿಡಲ್: ಬಲ-ಎಡ-ಬಲ-ಬಲ, ಎಡ-ಬಲ-ಎಡ-ಎಡ. ರಬ್ಬರ್ ಪ್ಯಾಡ್ ಮೇಲೆ ಇದನ್ನು ಕುಟ್ಟುತ್ತಾ ಕೂತವರಿಗೆ 'ಇದರಿಂದ ಹಾಡಿಗೆ ಏನು ಉಪಯೋಗ' ಅನ್ನಿಸುವುದು ಸಹಜ. ಉತ್ತರ ಡ್ರಮ್ ಸೆಟ್ ಮೇಲಿದೆ.

ಬಲಗೈಯನ್ನು ಹೈ-ಹ್ಯಾಟ್ ಮೇಲೆ ಇಡಿ, ಎಡಗೈಯನ್ನು ಸ್ನೇರ್ ಮೇಲೆ. ಒಂದೊಂದು ಬೀಟಿಗೂ 'ತಕಧಿಮಿ' ಅನ್ನಿ, ಒಂದು ಅಕ್ಷರಕ್ಕೆ ಒಂದು ಪೆಟ್ಟು. ಮೊದಲ ತಕಧಿಮಿಗೆ ಬಲ-ಎಡ-ಬಲ-ಬಲ. ಎರಡನೆಯದಕ್ಕೆ ಎಡ-ಬಲ-ಎಡ-ಎಡ. ಮೂರು ಒಂದರ ಹಾಗೆ, ನಾಲ್ಕು ಎರಡರ ಹಾಗೆ. ಈಗ ನೋಡಿ, ಎರಡನೇ ಬೀಟಿನ 'ತ' ಸರಿಯಾಗಿ ಎಡಗೈಗೆ ಬಂತು. ನಾಲ್ಕನೆಯದರದ್ದೂ ಅಷ್ಟೇ. ಅವೆರಡನ್ನು ಮಾತ್ರ ಜೋರಾಗಿ ಹೊಡೆಯಿರಿ. ಅವೇ ಬ್ಯಾಕ್‌ಬೀಟ್. ಎಡಗೈಯ ಉಳಿದ ಪೆಟ್ಟುಗಳನ್ನೆಲ್ಲ ಸ್ನೇರ್ ಮೇಲೆ ಒಂದೇ ಇಂಚು ಎತ್ತರದಿಂದ ಬೀಳಿಸಿ. ಒಂದಕ್ಕೂ ಮೂರಕ್ಕೂ ಕಿಕ್ ಸೇರಿಸಿ. ಕುಟ್ಟುತ್ತಾ ಕೂತಿದ್ದ ಬೋಳು ಪಾಠ ಇದ್ದಕ್ಕಿದ್ದಂತೆ ಫಂಕ್ ಆಗುತ್ತದೆ! ಇದು ಮೊದಲ ಸಲ ಕೈಗೆ ಬಂದಾಗ ಆಗುವ ಖುಷಿ ದೊಡ್ಡದು.

ಆ ಮೆಲ್ಲನೆಯ ಪೆಟ್ಟುಗಳಿಗೆ ಡ್ರಮ್ಮರ್‌ಗಳು ಘೋಸ್ಟ್ ನೋಟ್ ಅನ್ನುತ್ತಾರೆ. ಕೇಳುವವರಿಗೆ ಅವು ಬಿಡಿಬಿಡಿಯಾಗಿ ಗೊತ್ತಾಗುವುದಿಲ್ಲ, ತೆಗೆದರೆ ಮಾತ್ರ ಗೊತ್ತಾಗುತ್ತದೆ. ಕ್ಲೈಡ್ ಸ್ಟಬಲ್‌ಫೀಲ್ಡ್ ಇದರಲ್ಲಿ ಎತ್ತಿದ ಕೈ. ಕಾರ್ಖಾನೆ, ರೈಲುಗಳ ಸದ್ದು ತುಂಬಿದ ಚಾಟನೂಗ ಊರಿನಲ್ಲಿ ಬೆಳೆದು, ಕಿವಿಯಿಂದಲೇ ಕಲಿತವರು. 1969ರ ನವೆಂಬರಿನಲ್ಲಿ ಸಿನ್ಸಿನಾಟಿಯಲ್ಲಿ ಜೇಮ್ಸ್ ಬ್ರೌನ್ ತಂಡದ ಜೊತೆ ಅವರು 'ಫಂಕಿ ಡ್ರಮ್ಮರ್' ನುಡಿಸಿದರು. ಅದರ ನಡುವೆ ಉಳಿದ ವಾದ್ಯಗಳೆಲ್ಲ ಸುಮ್ಮನಾಗಿ ಡ್ರಮ್ಸ್ ಮಾತ್ರ ಉಳಿಯುವ ಕೆಲವೇ ಸೆಕೆಂಡುಗಳಿವೆ. 1980ರ ದಶಕದಿಂದ ಈಚೆಗೆ ಹಿಪ್‌ಹಾಪ್ ಹಾಡುಗಳಲ್ಲಿ ಆ ತುಣುಕನ್ನು ಎಷ್ಟು ಸಲ ಕತ್ತರಿಸಿ ಅಂಟಿಸಿದ್ದಾರೋ ಲೆಕ್ಕವಿಲ್ಲ. ಹಾಡಿನ ಹಕ್ಕು ಅವರ ಹೆಸರಿನಲ್ಲಿ ಇರಲಿಲ್ಲ. ಹಾಗಾಗಿ ಆ ಬಳಕೆಯಿಂದ ಅವರ ಕೈಗೆ ಬಂದ ದುಡ್ಡು ತೀರಾ ಕಡಿಮೆ. 2017ರಲ್ಲಿ ತೀರಿಕೊಂಡರು. ಈ ಭಾಗ ನೆನಪಾದಾಗಲೆಲ್ಲ ಬೇಸರವಾಗುತ್ತದೆ.

ಆ ತುಣುಕನ್ನು ನಿಧಾನ ಮಾಡಿ ಕೇಳಿದರೆ ಅವರ ಎಡಗೈ ಮೆಲ್ಲಗೆ ಇರುವ ಪರಿ ಬೆರಗು ಹುಟ್ಟಿಸುತ್ತದೆ. ಮೆಲ್ಲಗೆ ಹೊಡೆಯಲು ಬಲ ಕಡಿಮೆ ಮಾಡಲು ಹೋಗಬೇಡಿ, ಎತ್ತರ ಕಡಿಮೆ ಮಾಡಿ. ಜೋರು ಪೆಟ್ಟಿಗೆ ಸ್ಟಿಕ್ ಹತ್ತು ಹನ್ನೆರಡು ಇಂಚು ಏಳಲಿ, ಮೆಲ್ಲನೆಯದಕ್ಕೆ ಒಂದು ಇಂಚು. ಕಷ್ಟ ಇರುವುದು ಒಂದರಿಂದ ಇನ್ನೊಂದಕ್ಕೆ ಹೋಗುವುದರಲ್ಲಿ. ಜೋರಾಗಿ ಹೊಡೆದ ಮೇಲೆ ಸ್ಟಿಕ್ ತಾನಾಗಿ ಮೇಲಕ್ಕೆ ಪುಟಿಯುತ್ತದೆ. ಅದನ್ನು ಕೆಳಗೇ ಹಿಡಿದು ನಿಲ್ಲಿಸಿ, ಮುಂದಿನ ಮೆಲ್ಲನೆಯ ಪೆಟ್ಟಿಗೆ ಸಿದ್ಧ ಮಾಡಬೇಕು. ಮೇಲಿನ ಪ್ಯಾರಾಡಿಡಲ್‌ನಲ್ಲಿ ಎರಡನೇ ಬೀಟಿನ ಎಡಗೈ ಸರಿಯಾಗಿ ಇದನ್ನೇ ಕೇಳುತ್ತದೆ: 'ತ' ಜೋರು, 'ಧಿ' 'ಮಿ' ಎರಡೂ ಪಿಸುಮಾತು. ಪ್ಯಾಡ್ ಮೇಲೆ ಎಡಗೈ ಒಂದರಲ್ಲೇ, ಕನ್ನಡಿಯ ಮುಂದೆ ಕೂತು, ಈ ಮೂರು ಪೆಟ್ಟನ್ನಷ್ಟೇ ಮಾಡಿ. ಕನ್ನಡಿ ಇದ್ದರೆ ಎತ್ತರದ ವಿಷಯದಲ್ಲಿ ನಮಗೆ ನಾವೇ ಸುಳ್ಳು ಹೇಳಿಕೊಳ್ಳಲು ಆಗುವುದಿಲ್ಲ.

ಇನ್ನು ಅಂತರ. ಒಂದೇ ಸಮನೆ ಕ್ಲಿಕ್ ಹಾಕಿ ವೇಗ ತೋರಿಸುವ ಮೆಟ್ರೊನೋಮ್‌ನಲ್ಲಿ 60 ಇಟ್ಟರೆ ಒಂದು ಬೀಟಿಗೆ ಒಂದು ಸೆಕೆಂಡ್. ತಕಧಿಮಿಯ ಒಂದೊಂದು ಅಕ್ಷರಕ್ಕೂ ಕಾಲು ಸೆಕೆಂಡ್ ಸಿಗುತ್ತದೆ. 120ಕ್ಕೆ ಏರಿಸಿದರೆ ಅದರ ಅರ್ಧ. ವೇಗ ಇದ್ದಾಗ ಒಂದು ಪೆಟ್ಟಿಗೂ ಇನ್ನೊಂದಕ್ಕೂ ನಡುವೆ ಜಾಗವೇ ಕಡಿಮೆ. ಸ್ವಲ್ಪ ಆಚೀಚೆ ಆದರೂ ಹೇಗೋ ಸಾಗುತ್ತದೆ. ನಿಧಾನ ಮಾಡಿದಾಗ ಆ ಖಾಲಿ ಜಾಗ ದೊಡ್ಡದಾಗಿ ಬಾಯಿ ತೆರೆಯುತ್ತದೆ, ಅದನ್ನು ಏನೂ ಹೊಡೆಯದೆ ದಾಟಬೇಕು. ಅದಕ್ಕೇ 60ರಲ್ಲಿ ಮೊದಲ ಪಾಠದ ಬೀಟ್ ನುಡಿಸುವುದು ಅಂದುಕೊಂಡದ್ದಕ್ಕಿಂತ ಕಷ್ಟ. ಬಾಯಲ್ಲಿ ಸಣ್ಣಗೆ ತಕಧಿಮಿ ಹೇಳಿಕೊಳ್ಳುತ್ತಿದ್ದರೆ ಖಾಲಿ ಜಾಗಕ್ಕೆ ಅಳತೆ ಸಿಗುತ್ತದೆ.

ಕ್ಲಿಕ್ ಜೊತೆ ಚೆನ್ನಾಗಿ ಬಂದರೆ ಕ್ಲಿಕ್‌ನ ಸಹಾಯ ಕಡಿಮೆ ಮಾಡುತ್ತಾ ಹೋಗಿ. 80ರಲ್ಲಿ ನುಡಿಸುತ್ತಿದ್ದೀರಾ? ಮೆಟ್ರೊನೋಮ್ ಅನ್ನು 40ಕ್ಕೆ ಇಳಿಸಿ, ಆ ಕ್ಲಿಕ್ ಎರಡು ಮತ್ತು ನಾಲ್ಕರ ಮೇಲೆ ಬೀಳುತ್ತಿದೆ ಅಂದುಕೊಂಡು ಅದೇ ವೇಗದಲ್ಲಿ ನುಡಿಸಿ. ಈಗ ಒಂದು ಎಲ್ಲಿದೆ ಅನ್ನುವುದನ್ನು ನೀವೇ ಹೇಳಬೇಕು. ಅದಾದ ಮೇಲೆ ನನಗೆ ತುಂಬ ಇಷ್ಟವಾದ ಪಾಠ: ಮೂರು ಬಾರ್ ನುಡಿಸಿ, ನಾಲ್ಕನೇ ಬಾರ್ ಪೂರ್ತಿ ಸುಮ್ಮನಿರಿ, ಮತ್ತೆ ಸರಿಯಾಗಿ ಒಂದಕ್ಕೆ ಬನ್ನಿ. ಮೊಬೈಲಿನ ಕೆಲವು ಮೆಟ್ರೊನೋಮ್ ಆ್ಯಪ್‌ಗಳಲ್ಲಿ ಆ ಬಾರ್‌ಗೆ ಕ್ಲಿಕ್ಕನ್ನೂ ನಿಲ್ಲಿಸಬಹುದು. ನಾಲ್ಕನೇ ಬಾರ್‌ಗೆ ಫಿಲ್, ಅಂದರೆ ಖಾಲಿ ಜಾಗ ತುಂಬುವ ಪುಟ್ಟ ಚಮತ್ಕಾರ, ಹೊಡೆಯಬೇಕು ಅನ್ನುವ ತುಡಿತ ಕೈಗೆ ಎಷ್ಟಿರುತ್ತದೆ ಅನ್ನುವುದು ಆ ಮೌನದಲ್ಲಿ ಗೊತ್ತಾಗುತ್ತದೆ. ಫಿಲ್‌ಗಳ ಬಗ್ಗೆ ನಾನು ಜಾಸ್ತಿ ಹೇಳುವುದಿಲ್ಲ. ರೀಲ್ಸ್ ತುಂಬ ಅವೇ ಇವೆ.

ಹಾಗಂತ ಒಳ್ಳೆ ಗ್ರೂವ್ (ಕಾಲು ಕುಣಿಸುವ ಓಟ) ಅಂದರೆ ಗಡಿಯಾರದ ಹಾಗೆ ನುಡಿಸುವುದು ಅಂತ ಅಲ್ಲ. 1965ರಲ್ಲಿ ಮೆಂಫಿಸ್‌ನ ಸ್ಟ್ಯಾಕ್ಸ್ ಸ್ಟುಡಿಯೋದಲ್ಲಿ ವಿಲ್ಸನ್ ಪಿಕೆಟ್ಟರ ಹಾಡೊಂದನ್ನು ರೆಕಾರ್ಡ್ ಮಾಡುತ್ತಿದ್ದಾಗ, ಪ್ರೊಡ್ಯೂಸರ್ ಜೆರ್ರಿ ವೆಕ್ಸ್ಲರ್ ಆಗ ಹುಡುಗರು ಕುಣಿಯುತ್ತಿದ್ದ ಹೊಸ ಡಾನ್ಸನ್ನು ಅಲ್ಲೇ ಕುಣಿದು ತೋರಿಸಿದರಂತೆ. ಬ್ಯಾಕ್‌ಬೀಟ್ ಅದರ ಹಾಗೆ ಇರಬೇಕು ಅನ್ನುವುದು ಅವರ ಮಾತು. ಡ್ರಮ್ಮರ್ ಆಲ್ ಜಾಕ್ಸನ್ ಜೂನಿಯರ್ ಎರಡು, ನಾಲ್ಕರ ಪೆಟ್ಟನ್ನು ಒಂದು ಎಳೆ ತಡ ಮಾಡಿ ಇಟ್ಟರು. ಹಾಡು ಅದರಿಂದಲೇ ಸೊಂಟ ಹಿಡಿದು ಅಲ್ಲಾಡಿಸುತ್ತದೆ. ಆದರೆ ಅವರು ಒಮ್ಮೆ ತಡ, ಒಮ್ಮೆ ಬೇಗ ಹೊಡೆಯಲಿಲ್ಲ. ಪ್ರತಿ ಸಲವೂ ಅಷ್ಟೇ ತಡ. ಎಲ್ಲಿ ಇಡಬೇಕೋ ಅಲ್ಲಿ ಇಡಲು ಬರುವವರಿಗೆ ಮಾತ್ರ ಒಂದು ಎಳೆ ಆಚೆ ಇಡಲು ಬರುತ್ತದೆ. ಇದನ್ನೂ ಪಾಠ ಮಾಡಿಕೊಳ್ಳಬಹುದು. ಕ್ಲಿಕ್ ಇಟ್ಟುಕೊಂಡು ಒಂದು ನಿಮಿಷ ಸ್ನೇರ್ ಸರಿಯಾಗಿ ಅದರ ಮೇಲೆ, ಒಂದು ನಿಮಿಷ ಚೂರು ಹಿಂದೆ, ಒಂದು ನಿಮಿಷ ಚೂರು ಮುಂದೆ. ಹೈ-ಹ್ಯಾಟ್ ಮತ್ತು ಕಿಕ್ ಮಾತ್ರ ಕ್ಲಿಕ್ ಬಿಟ್ಟು ಅಲುಗಬಾರದು. ಮುಂದೆ ಇಟ್ಟಾಗ ಅವಸರ, ಹಿಂದೆ ಇಟ್ಟಾಗ ಆರಾಮ. ವೇಗ ಮಾತ್ರ ಬದಲಾಗಿಲ್ಲ.

ತಕಧಿಮಿ ಅಂತ ಇಷ್ಟು ಹೊತ್ತು ಸಲೀಸಾಗಿ ಬಳಸಿದೆ. ಸಂಗೀತದ ಪಾಠಕ್ಕೆ ಹೋದ ಕನ್ನಡದ ಮಕ್ಕಳಿಗೆ ಈ ಅನುಕೂಲ ಮೊದಲೇ ಸಿಕ್ಕಿರುತ್ತದೆ. ಸರಳೆ ವರಸೆಯನ್ನು ಮೂರು ಕಾಲದಲ್ಲಿ ಹಾಡಿಸುವುದು ನೆನಪಿದೆಯಾ? ಕೈಯಲ್ಲಿ ಆದಿತಾಳ ಅದೇ ವೇಗದಲ್ಲಿ ನಡೆಯುತ್ತಿರುತ್ತದೆ. ಬಾಯಲ್ಲಿ ಸ್ವರ ಮಾತ್ರ ಒಂದು, ಎರಡು, ನಾಲ್ಕು ಆಗುತ್ತದೆ. ಒಂದನ್ನು ಅಲುಗಿಸದೆ ಇನ್ನೊಂದನ್ನು ಬದಲಿಸುವುದು ಅಂದೆನಲ್ಲ, ಅದನ್ನು ನಮ್ಮಲ್ಲಿ ಮೊದಲ ಪಾಠದಲ್ಲೇ ಇಟ್ಟಿದ್ದಾರೆ. ಡ್ರಮ್ ಸೆಟ್‌ಗೆ ಇದನ್ನು ಹಾಗೇ ತರಬಹುದು. ಕಾಲು ತಾಳದ ಹಾಗೆ ಒಂದೇ ವೇಗದಲ್ಲಿ ಕಿಕ್ ಒದೆಯುತ್ತಿರಲಿ, ಕೈಗಳು ಪ್ಯಾರಾಡಿಡಲ್ ಅನ್ನು ಮೂರು ಕಾಲದಲ್ಲಿ ನುಡಿಸಲಿ. ಕಾಲ ಬದಲಾಗುವ ಆ ತಿರುವಿನಲ್ಲಿ ಕಿಕ್ ಜಾರದಿದ್ದರೆ ಗೆದ್ದಿರಿ.

ಬೆಂಗಳೂರಿನಲ್ಲಿ ಟಿ.ಎ.ಎಸ್. ಮಣಿಯವರು 1964ರಲ್ಲಿ ಶುರುಮಾಡಿದ ಕರ್ನಾಟಕ ಕಾಲೇಜ್ ಆಫ್ ಪರ್ಕಷನ್ ಈ ತಾಳಗಳನ್ನು ಜಾಝ್‌ನವರ ಕಿವಿಗೂ ಮುಟ್ಟಿಸಿತು. ಅವರೂ ಗಾಯಕಿ ಆರ್.ಎ. ರಮಾಮಣಿಯವರೂ ಸ್ಯಾಕ್ಸೊಫೋನ್ ವಾದಕ ಚಾರ್ಲಿ ಮರಿಯಾನೊ ಜೊತೆ 1983ರಲ್ಲಿ 'ಜ್ಯೋತಿ' ಎಂಬ ಆಲ್ಬಮ್ ರೆಕಾರ್ಡ್ ಮಾಡಿದರು. ಜಾಝ್ ಡ್ರಮ್ಸ್ ಕಲಿಯುವವರು ಈಗ ಬೇರೆ ಬೇರೆ ದೇಶಗಳಲ್ಲಿ ಕೊನ್ನಕೋಲ್, ಅಂದರೆ ತಕಧಿಮಿಯಂಥ ಬಾಯಿ ಸೊಲ್ಲುಗಳನ್ನು, ಹೇಳುತ್ತಾ ಅಭ್ಯಾಸ ಮಾಡುತ್ತಾರೆ. ನಮ್ಮ ಹುಡುಗರು ಮಾತ್ರ 'ಒನ್ ಇ ಆ್ಯಂಡ್ ಅ' ಅಂತ ಎಣಿಸುತ್ತಾ ತೊದಲುತ್ತಾರೆ. ಬಾಯಿಗೆ ಸಲೀಸಾದದ್ದನ್ನು ಬಿಟ್ಟು ಅದ್ಯಾಕೆ ಬೇಕು?

ತಕಿಟ ಗೊತ್ತಿದ್ದರೆ ಶಫಲ್ ಎಷ್ಟು ಹತ್ತಿರ ಅನ್ನುವುದನ್ನು ಇಲ್ಲಿ ಹೇಳಲೇಬೇಕು. ಒಂದು ಬೀಟಿಗೆ ತ-ಕಿ-ಟ, ಮೂರು ಸಮ ಭಾಗ. ಹೈ-ಹ್ಯಾಟ್ ಮೇಲೆ 'ತ' ಮತ್ತು 'ಟ' ಮಾತ್ರ ಹೊಡೆದು, 'ಕಿ' ಬಿಟ್ಟುಬಿಡಿ. ಬ್ಲೂಸ್ ಹಾಡುಗಳ ಆ ತೂಗಾಟ ಬಂದುಬಿಟ್ಟಿತು. ಈಗ ಬಿಟ್ಟ ಆ 'ಕಿ'ಯನ್ನು ಎಡಗೈಗೆ ಕೊಡಿ, ಸ್ನೇರ್ ಮೇಲೆ, ಒಂದಿಂಚಿನ ಘೋಸ್ಟ್ ನೋಟ್ ಆಗಿ. ಕಿಕ್ ಒಂದಕ್ಕೆ. ಜೋರು ಸ್ನೇರ್ ಮೂರಕ್ಕೆ ಮಾತ್ರ. ಬರ್ನಾರ್ಡ್ ಪರ್ಡಿ ಎಂಬ ನ್ಯೂಯಾರ್ಕ್ ಸ್ಟುಡಿಯೋ ಡ್ರಮ್ಮರ್ ಹೆಸರು ಹೊತ್ತ ಪರ್ಡಿ ಶಫಲ್‌ನ ಹಂದರ ಇದೇ. ಸ್ಟೀಲಿ ಡ್ಯಾನ್ ತಂಡದ 1977ರ 'ಹೋಮ್ ಅಟ್ ಲಾಸ್ಟ್' ಹಾಡಿನಲ್ಲಿ ಅವರೇ ಅದನ್ನು ನುಡಿಸಿದ್ದಾರೆ. 1982ರಲ್ಲಿ ಟೋಟೊ ತಂಡದ 'ರೊಸಾನಾ' ಹಾಡಿಗೆ ಜೆಫ್ ಪೊರ್ಕಾರೊ ಇದೇ ಹಂದರದ ಮೇಲೆ ಬೇರೆ ಕಿಕ್ ಕೂರಿಸಿದರು. ಯಾವುದು ಎಲ್ಲಿಂದ ಬಂತು ಅನ್ನುವುದನ್ನು, ಪರ್ಡಿ ಹೆಸರನ್ನೂ ಸೇರಿಸಿ, ಪೊರ್ಕಾರೊ ಅವರೇ ಪಾಠದ ವಿಡಿಯೋ ಒಂದರಲ್ಲಿ ಬಿಚ್ಚಿ ಹೇಳಿದ್ದಾರೆ.

ಇದರಲ್ಲಿ ತೊಡಕಿನ ಜಾಗ ಒಂದೇ. ಮೂರರ ಜೋರು ಸ್ನೇರ್ ಆದ ಕೂಡಲೇ, ಅದೇ ಬೀಟಿನ 'ಕಿ'ಯಲ್ಲಿ, ಎಡಗೈ ಮತ್ತೆ ಪಿಸುಮಾತಿಗೆ ಇಳಿಯಬೇಕು. ಕನ್ನಡಿಯ ಮುಂದೆ ಮಾಡಿದ ಪಾಠ ಇಲ್ಲಿ ಕೈಗೆ ಬರುತ್ತದೆ. ಇಡೀ ಬಾರ್ ಬೇಡ. ಮೂರನೇ ಬೀಟ್ ಒಂದನ್ನೇ ಕತ್ತರಿಸಿಕೊಂಡು ತಿರುಗಿಸಿ ತಿರುಗಿಸಿ ನುಡಿಸಿ, ಆಮೇಲೆ ಎರಡನ್ನೂ ನಾಲ್ಕನ್ನೂ ಅದಕ್ಕೆ ಹೊಲಿಯಿರಿ.

ಇದನ್ನೆಲ್ಲ ಮಾಡಲು ಮನೆಯಲ್ಲಿ ಡ್ರಮ್ ಸೆಟ್ ಇರಬೇಕು ಅಂತಿಲ್ಲ. ನಾನಿರುವುದು ಅಪಾರ್ಟ್‌ಮೆಂಟಿನಲ್ಲಿ. ವಾರದ ದಿನಗಳಲ್ಲಿ ರಬ್ಬರ್ ಪ್ಯಾಡ್, ಪಕ್ಕದಲ್ಲಿ ಮಡಚಿದ ಟವೆಲ್. ಪ್ಯಾಡ್ ಸ್ನೇರ್ ಆಗುತ್ತದೆ, ಟವೆಲ್ ಹೈ-ಹ್ಯಾಟ್. ಟವೆಲ್ ಪುಟಿಸುವುದಿಲ್ಲ, ಬಲಗೈ ಸ್ವಂತ ಶಕ್ತಿಯಿಂದ ಏಳಬೇಕು, ಅದೂ ಒಳ್ಳೆಯದೇ. ಕಿಕ್‌ಗೆ ಪಾದವನ್ನು ನೆಲಕ್ಕೆ ತಟ್ಟಬೇಡಿ, ಕೆಳಗಿನ ಮನೆಯವರು ಪಾಪ. ದಪ್ಪ ಕಾಲೊರಸಿನ ಮೇಲೆ ಹಿಮ್ಮಡಿ ಊರಿ, ಮುಂಗಾಲು ಮಾತ್ರ ತಟ್ಟಿ. ಶನಿವಾರ ಭಾನುವಾರ ಗಂಟೆ ಲೆಕ್ಕದಲ್ಲಿ ಸಿಗುವ ಜ್ಯಾಮ್ ರೂಮು ಇದ್ದೇ ಇದೆ. ಅಲ್ಲಿ ದುಡ್ಡು ಕೊಟ್ಟು ಹೊಸ ಪಾಠ ಶುರುಮಾಡಬಾರದು. ಪ್ಯಾಡ್ ಮೇಲೆ ಗಟ್ಟಿಯಾದದ್ದನ್ನು ಸದ್ದಿನಲ್ಲಿ ಕೇಳಿ ನೋಡುವುದಕ್ಕೆ ಅಲ್ಲಿಗೆ ಹೋಗಬೇಕು.

ಗಣೇಶನ ಹಬ್ಬದ ಆರ್ಕೆಸ್ಟ್ರಾಗಳಲ್ಲಿ ನನ್ನ ಕಣ್ಣು ಗಾಯಕರಿಗಿಂತ ರಿದಂ ಪ್ಯಾಡ್ ನುಡಿಸುವವರ ಮೇಲೇ ಇರುತ್ತದೆ. ಗಂಟೆಗಟ್ಟಲೆ ಒಂದರ ಹಿಂದೊಂದು ಹಾಡು. ಕುಣಿಯುವ ಹುಡುಗರು ಮುಂದೆ ನಿಂತಿದ್ದಾರೆ. ಅವರು ಚಮತ್ಕಾರ ಕೇಳುವುದಿಲ್ಲ. ಬೀಟ್ ಸ್ವಲ್ಪ ಜಾರಿದರೂ ಕಾಲು ನಿಲ್ಲುತ್ತದೆ, ಸರಿ ಇದ್ದರೆ ನಿಲ್ಲುವುದಿಲ್ಲ. ಅಷ್ಟು ನೇರವಾದ ಪರೀಕ್ಷೆ ಯಾವ ಕ್ಲಾಸಿನಲ್ಲೂ ಇಲ್ಲ.

ನನ್ನ ಮಟ್ಟಿಗೆ ಪರೀಕ್ಷೆ ಮಾಡುವವನು ಬೇಸ್ ಗಿಟಾರ್ ನುಡಿಸುವ ಗೆಳೆಯ. ಬೇಸ್ ಮತ್ತು ಕಿಕ್ ಒಟ್ಟಿಗೆ ಬೀಳುವ ಜಾಗ, ಬೇಕೆಂದೇ ಬಿಟ್ಟುಕೊಡುವ ಜಾಗ, ಇವನ್ನು ಇಬ್ಬರೂ ಮೊದಲೇ ಮಾತಾಡಿಕೊಂಡರೆ ಅರ್ಧ ಕೆಲಸ ಮುಗಿಯಿತು. ಹೊಸ ಹಾಡು ಎತ್ತಿಕೊಂಡಾಗ ನಾವು ಗಿಟಾರು, ಕೀಬೋರ್ಡು, ಹಾಡು ಎಲ್ಲವನ್ನೂ ನಿಲ್ಲಿಸಿ, ಬೇಸು ಡ್ರಮ್ಸು ಎರಡೇ ನುಡಿಸುತ್ತೇವೆ. ಅವನು ಬೇಸ್‌ನಲ್ಲಿ ಒಂದು ಸಾಲು ಹಿಡಿಯುತ್ತಾನೆ. ನಾನು ಜಾಗ ದಾಟಿಸುವ ಕಿಕ್ ಪಾಠವನ್ನೇ ಅದರ ಕೆಳಗೆ ಓಡಿಸುತ್ತೇನೆ. ಯಾವ ಜಾಗಕ್ಕೆ ಬಂದಾಗ ಅವನು ತಲೆ ಎತ್ತಿ ನೋಡುತ್ತಾನೋ ಆ ಕಿಕ್ ಹಾಡಿಗೆ ಇಟ್ಟುಕೊಳ್ಳುತ್ತೇವೆ. ಪೆನ್ನು ಪೇಪರು ಬೇಕಾಗಿಲ್ಲ. ಕಳೆದ ತಿಂಗಳು ಹಿಡಿದ ಹಾಡಿಗೆ ನಾನು ಮನೆಯಲ್ಲಿ ತಯಾರಿ ಮಾಡಿಕೊಂಡು ಹೋಗಿದ್ದು ಪರ್ಡಿ ಶಫಲ್. ಎರಡು ಸಾಲು ಕೇಳಿ ಅವನು ಬೇಡ ಅಂದ. ಅವನ ಬೇಸ್‌ಗೆ ಕೂತದ್ದು ಒಂದಕ್ಕೂ ಮೂರಕ್ಕೂ ಕಿಕ್, ಎರಡಕ್ಕೂ ನಾಲ್ಕಕ್ಕೂ ಸ್ನೇರ್, ಹೈ-ಹ್ಯಾಟ್ ಆದಷ್ಟು ಮೆಲ್ಲಗೆ. ಶಫಲ್‌ಗೆ ಬೇರೆ ಹಾಡು ಹುಡುಕುತ್ತಿದ್ದೇನೆ.